ಅಜ್ಜಿ ಕಟ್ಟಿಕೊಂಡು ಬಂದ ಐದು ಗಿಟುಕು

ಮಗಳ ಬಾಣಂತನಕ್ಕೆಂದು ತಿಪಟೂರಿನಿಂದ ತರಿಸಿದ ಕೊಬ್ಬರಿ ಚೀಲ ಬಿಚ್ಚಿದೆ. ಎಣ್ಣೆಯ ಘಮ ಅಡುಗೆಮನೆ ತುಂಬಿತು. ಒಡೆಯದ ಇಡೀ ಕೊಬ್ಬರಿ, ಒಂದೊಂದು ಗಿಟುಕೂ ಕೈತುಂಬ ಇತ್ತು. ನನಗೆ ಪಕ್ಕದ ತೋಟದ ಅಜ್ಜಿ ನೆನಪಾದರು...

ತುರುವೇಕೆರೆ ಕಡೆಯ ಆ ಊರಿಗೆ ನಾನು ಸೊಸೆಯಾಗಿ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮಳೆ ಕೈಕೊಟ್ಟು ನಮ್ಮ ಬಾವಿ ಬತ್ತಿತ್ತು. ಅಜ್ಜಿಯ ಬಾವಿಯಲ್ಲಿ ಇನ್ನೂ ನೀರಿತ್ತು. ಅವರಿಗಿದ್ದದ್ದು ಇಪ್ಪತ್ತು ತೆಂಗಿನ ಮರ, ಅದರ ಕೊಬ್ಬರಿಯೇ ವರ್ಷದ ಅನ್ನ. ಮಾವ ಬೋರ್‌ವೆಲ್ ಕೊರೆಸಲು ನೀರು ನೋಡುವವರನ್ನು ಕರೆಸಿದರು. ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು ಎಂಬ ನಂಬಿಕೆ. ಆ ಕಾಯಿ ಕೊಟ್ಟದ್ದೂ ಅಜ್ಜಿಯೇ.

"ತಗೊಂಡೋಗವ್ವ, ನಮ್ ಮರದ್ ಕಾಯಿ ಸುಳ್ಳು ಹೇಳಕಿಲ್ಲ."

ಕಾಯಿ ಎದ್ದು ನಿಂತದ್ದು ಬೇಲಿಯ ಪಕ್ಕದಲ್ಲೇ, ಅಜ್ಜಿಯ ಬಾವಿಗೆ ತೀರಾ ಹತ್ತಿರ. ನೀರು ಉಕ್ಕಿದಾಗ ನಮ್ಮ ಸಂತೋಷಕ್ಕೆ ಮೇರೆಯಿರಲಿಲ್ಲ. ಪಕ್ಕದ ಬಾವಿಯ ಗತಿಯೇನೆಂದು ಯಾರಿಗೂ ಹೊಳೆಯಲಿಲ್ಲ, ಹೊಳೆದವರೂ ಬಾಯಿ ಬಿಡಲಿಲ್ಲ. ಮುಂದಿನ ಬೇಸಿಗೆಗೆ ಅದರ ತಳ ಕಂಡಿತು.

ಅಜ್ಜಿ ಬಂದು ಜಗಲಿಯಲ್ಲಿ ಕೂತರು. "ವಾರಕ್ಕೊಂದ್ ಸಲ ನೀರ್ ಬುಡಪ್ಪ, ಮರ ಉಳ್ಕತವೆ."

"ನೋಡಾನ ಬುಡಜ್ಜಿ, ನಮ್ಗೇ ಸಾಲ್ದು" ಎಂದರು ಮಾವ.

ಆ ವಾರ ಬರಲೇ ಇಲ್ಲ. ಮಧ್ಯಾಹ್ನ ಮೋಟರ್ ಹಾಕುತ್ತಿದ್ದವಳು ನಾನು. ಪೈಪನ್ನು ಬೇಲಿಯಾಚೆಗೆ ಎಸೆದಿದ್ದರೆ ಒಂದಿಷ್ಟು ಮರವಾದರೂ ನೆನೆಯುತ್ತಿದ್ದವು. ಹೊಸ ಸೊಸೆ, ಮಾವನ ಭಯ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಆ ನೆಪ ನನಗೇ ನಾಚಿಕೆ ತರಿಸುತ್ತದೆ.

ಗರಿಗಳು ಜೋತುಬಿದ್ದವು, ಕಾಯಿ ಸಣ್ಣವಾದವು. ವರ್ಷವಿಡೀ ಅಟ್ಟದ ಮೇಲಿಟ್ಟು ಒಣಗಿಸಿದ ಕೊಬ್ಬರಿಯನ್ನು ಮಂಡಿಯವರು ಗಾತ್ರ ನೋಡಿಯೇ ಪಕ್ಕಕ್ಕೆ ತಳ್ಳಿದರು. ಆ ವಯಸ್ಸಿನಲ್ಲಿ ಅಜ್ಜಿ ಇನ್ನೊಬ್ಬರ ತೋಟದಲ್ಲಿ ಕಾಯಿ ಆಯುವ ಕೂಲಿಗೆ ಹೋದರು.

ನನಗೆ ಮಗಳು ಹುಟ್ಟಿದಾಗ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು. ಐದು ಗಿಟುಕು, ಒಂದೊಂದೂ ನಿಂಬೆಹಣ್ಣಿಗಿಂತ ತುಸು ದೊಡ್ಡದು.

"ಬಾಣಂತಿ ಕೊಬ್ಬರಿ ತಿನ್ಬೇಕು ಕಣವ್ವ. ನಮ್ ತೋಟದ್ದು ಇವೇ ಕಡೇವು."

ತಿಂದೆ. ಸಿಹಿಯಾಗಿಯೇ ಇದ್ದವು...

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ನಮ್ಮ ಬೋರ್‌ವೆಲ್ಲೂ ಬತ್ತಿತು. ಇವತ್ತು ಮಗಳು ಬೆಲ್ಲದ ಜೊತೆ ಕೊಬ್ಬರಿ ಚೂರೊಂದನ್ನು ನನ್ನ ಮುಂದೆ ಹಿಡಿದಳು.

"ನೀನೂ ತಗೋಳಮ್ಮ."

"ನೀನ್ ಹುಟ್ಟಿದಾಗ ಐದು ತಿಂದಿದೀನಿ ಕಣೇ" ಎಂದೆ. "ಅದೇ ಇನ್ನೂ ಅರಗಿಲ್ಲ."