ಪಕ್ಕಕ್ಕೆ ನೋಡದ ಮೇಷ್ಟ್ರು

ನಮ್ಮ ಭಾವನಿಗೆ ನಡೆಯಲು ಬರುತ್ತಿರಲಿಲ್ಲ, ಓಡಿಸಲು ಮಾತ್ರ ಬರುತ್ತಿತ್ತು. ಇದು ನಮ್ಮ ಮನೆಯ ಹಳೆಯ ನಗೆಮಾತು. ಮಂಚದ ಕಾಲಿಗೆ ಹೆಬ್ಬೆರಳು ಬಡಿಸಿಕೊಳ್ಳದ ದಿನವಿಲ್ಲ, ಮೊಣಕೈ ತಾಗಿಸಿ ಲೋಟ ಉರುಳಿಸದ ಊಟವಿಲ್ಲ. ಬೀದಿಯಲ್ಲಿ ಪರಿಚಯದವರು ಪಕ್ಕದಲ್ಲೇ ನಿಂತು ನಕ್ಕರೂ ಮುಖ ತಿರುಗಿಸದೆ ಹೋಗಿಬಿಡುತ್ತಿದ್ದರು. ಸೊಕ್ಕು ನೆತ್ತಿಗೇರಿದೆ ಎಂದು ಜನ ಆಡಿಕೊಂಡರು. ನನಗೂ ಹಾಗೇ ಅನ್ನಿಸಿದ್ದುಂಟು. ಅಕ್ಕನ ಗಂಡನಲ್ಲವೇ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಅದೇ ಮನುಷ್ಯ ಕಾರ್ಟಿನಲ್ಲಿ ಕೂತರೆ ಕಥೆಯೇ ಬೇರೆ. ಕಾರ್ಟ್ ಎಂದರೆ ಬಾಗಿಲಿಲ್ಲದ, ಚಾವಣಿಯಿಲ್ಲದ, ನೆಲಕ್ಕೆ ಹೊಟ್ಟೆ ಸವರಿಕೊಂಡು ಓಡುವ ಪುಟ್ಟ ಗಾಡಿ. ಹಳೆಯ ಗೋದಾಮುಗಳ ಹಿಂದೆ ಅದರದೊಂದು ಟ್ರ್ಯಾಕು ಇತ್ತು. ಸುತ್ತಲೂ ಸವೆದ ಟೈರುಗಳನ್ನು ಪೇರಿಸಿ ಕಟ್ಟಿದ ಗೋಡೆ, ಪೆಟ್ರೋಲಿನ ಜೊತೆ ಸುಟ್ಟ ರಬ್ಬರಿನ ವಾಸನೆ, ಮಾತಾಡಿದರೆ ಕೂಗಿಯೇ ಮಾತಾಡಬೇಕಾದಷ್ಟು ಸದ್ದು. ಅಲ್ಲಿ ಭಾವ ಓಡಿಸುವುದನ್ನು ಕಲಿಸುವ ಮೇಷ್ಟ್ರು. ಅವರ ದಯೆಯಿಂದ ನಾನು ಟಿಕೆಟ್ ಕೌಂಟರಿನವನು. ಬಂದವರ ಬೆವರು ಕುಡಿದ ಹೆಲ್ಮೆಟ್‌ಗಳನ್ನು ಒರೆಸಿಡುವುದೂ ನನ್ನ ಪಾಲಿಗೇ. ಕತ್ತು ಅತ್ತಿತ್ತ ತಿರುಗಿಸದೆ ನೇರ ನೋಡುತ್ತಾರೆಂದು ಮೆಕ್ಯಾನಿಕ್‌ಗಳು ಅವರಿಗೆ ‘ಕುದುರೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ ಗಾಡಿ ಕುದುರೆ ಎಂದು ಅದರ ಅರ್ಥ. ಭಾವನಿಗೆ ಅದು ಬಿರುದಿನಂತೆಯೇ ಹಿಡಿಸಿತ್ತು.

ಅವರ ಪಾಠವೆಲ್ಲ ಕಣ್ಣಿನದೇ. “ಕೈಕಾಲು ಆಮೇಲೆ. ಕಣ್ಣು ಎಲ್ಲಿಗೆ ಹೋಗುತ್ತೋ ಗಾಡಿ ಅಲ್ಲಿಗೇ ಹೋಗೋದು. ಟೈರ್ ಗೋಡೆ ನೋಡಿದ್ರೆ ಗೋಡೆಗೇ ಹೋಗಿ ಗುದ್ದುತೀರಿ” ಎಂದು ಮೊದಲ ದಿನವೇ ಹೆದರಿಸುತ್ತಿದ್ದರು. ತಿರುವಿಗೆ ಮುಂಚೆಯೇ ತಿರುವಿನ ಒಳಮೂಲೆ ನೋಡಬೇಕು, ಮೂಲೆಗೆ ಬರುವಷ್ಟರಲ್ಲಿ ಕಣ್ಣು ಹೊರಬೀಳುವ ದಾರಿಯ ಮೇಲಿರಬೇಕು. ಕಣ್ಣು ಯಾವಾಗಲೂ ಗಾಡಿಗಿಂತ ಮುಂದೆ. ಪಕ್ಕದಲ್ಲಿ ಯಾರು ಬಂದರು, ಹಿಂದೆ ಯಾರಿದ್ದಾರೆ, ಅದು ಅವರವರ ತಲೆನೋವು.

ಎರಡನೆಯ ಪಾಠ ಕುರ್ಚಿಯಲ್ಲಿ ನಡೆಯುತ್ತಿತ್ತು. ಕಣ್ಣು ಮುಚ್ಚಿ, ಕೈಯಲ್ಲಿ ಊಟದ ತಟ್ಟೆಯನ್ನು ಸ್ಟೀರಿಂಗ್‌ನಂತೆ ಹಿಡಿದು, ಮನಸ್ಸಿನಲ್ಲೇ ಒಂದು ಸುತ್ತು ಓಡಿಸಬೇಕು. ಭಾವ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದರು. ಮನಸ್ಸಿನ ಸುತ್ತೂ ಟ್ರ್ಯಾಕಿನ ಸುತ್ತೂ ಒಂದೇ ಹೊತ್ತಿಗೆ ಮುಗಿಯಬೇಕು. ಮನಸ್ಸಿನದು ಬೇಗ ಮುಗಿದರೆ, ಹೆದರಿಕೆಯಿರುವ ಯಾವುದೋ ತಿರುವನ್ನು ಅದು ನುಂಗಿ ನೀರು ಕುಡಿದಿದೆ ಎಂದರ್ಥ. ಅದು ಯಾವ ತಿರುವು ಎಂದು ಕೆದಕಿ ಕೆದಕಿ ತೆಗೆಯುತ್ತಿದ್ದರು. ಮನೆಯಲ್ಲೂ ಇದೇ ಆಟ. “ರೀ, ನಿಮ್ಮ ಗಾಡಿ ಊರು ಸೇರಿದ್ರೆ ತಟ್ಟೆ ಇತ್ತ ಕೊಡಿ, ಅನ್ನ ಆರ್ತಾ ಇದೆ” ಎಂದು ಅಕ್ಕ ಸೌಟು ಹಿಡಿದು ಕಾಯುತ್ತಿದ್ದಳು.

ಅವರ ಜೀವನದಲ್ಲೊಂದು ದೊಡ್ಡ ಗೆಲುವಿತ್ತು. ವಯಸ್ಸಿನಲ್ಲಿದ್ದಾಗ ಓಡಿಸಿದ ಒಂದು ರೇಸಿನ ಕೊನೆಯ ತಿರುವಿನಲ್ಲಿ ಎದುರಾಳಿ ಪಕ್ಕಕ್ಕೆ ಬಂದು ಜೊತೆಜೊತೆಗೇ ನುಗ್ಗಿದ್ದ. ಭಾವ ಕತ್ತೂ ತಿರುಗಿಸದೆ ತಮ್ಮ ದಾರಿ ಹಿಡಿದರು. ಅವನು ಎದೆಗೆಟ್ಟು ಟೈರುಗಳೊಳಗೆ ಹೋಗಿ ಬಿದ್ದ. “ಪಕ್ಕದಲ್ಲಿ ಬಂದೋನನ್ನ ನಾನು ನೋಡಲೇ ಇಲ್ಲ!” ಎಂದು ನೆಂಟರು ಸೇರಿದಾಗಲೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ನಮ್ಮ ಕಿವಿ ತೂತು ಬಿದ್ದಿತ್ತು. ಆದರೂ ಪ್ರತಿ ಸಲ ಹುಬ್ಬೇರಿಸುತ್ತಿದ್ದೆವು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಮ್ಮಲ್ಲಿ ನೂಲು ಪೂರ್ತಿ ಅಪ್ಪನದು. ನನ್ನ ಸೊಸೆ, ಅಂದರೆ ಅಕ್ಕನ ಮಗಳು, ಪೆಡಲಿಗೆ ಕಾಲು ಎಟುಕುವ ಮೊದಲೇ ತಟ್ಟೆ ಹಿಡಿದವಳು. ಮೆಕ್ಯಾನಿಕ್‌ಗಳ ಬಾಯಲ್ಲಿ ಅವಳು ‘ಕುದುರೆಮರಿ’. ಅವಳೂ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. ಸಿನಿಮಾ ಮಂದಿರದ ಕತ್ತಲಲ್ಲಿ ನನ್ನ ಅಂಗಿ ಹಿಡಿದುಕೊಂಡೇ ಸೀಟು ಹುಡುಕುತ್ತಿದ್ದಳು. “ಅಪ್ಪನ ಮಗಳು!” ಎಂದು ನಾವು ನಗುತ್ತಿದ್ದೆವು. ಟ್ರ್ಯಾಕಿನ ಮೇಲೆ ಮಾತ್ರ ಅವಳನ್ನು ಹಿಡಿಯುವವರಿರಲಿಲ್ಲ. ಒಂದೊಂದು ತಿರುವನ್ನೂ ದಾರ ಎಳೆದಂತೆ ದಾಟುತ್ತಿದ್ದಳು. ಭಾವ ಕಟಕಟೆಗೆ ಒರಗಿ ನಿಂತು ಅದನ್ನು ನೋಡುವಾಗ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಅವಳಿಗೆ ಹದಿನೇಳು ತುಂಬಿದ ವರ್ಷ ದೊಡ್ಡದೊಂದು ರೇಸಿಂಗ್ ತಂಡದ ಮ್ಯಾನೇಜರ್ ನಮ್ಮ ಟ್ರ್ಯಾಕಿಗೆ ಬಂದ. ಅವರ ತಂಡದಲ್ಲಿ ಖಾಲಿ ಇದ್ದದ್ದು ಒಂದೇ ಸೀಟು. ಅದಕ್ಕೆ ಅವಳೂ, ನಮ್ಮ ಟ್ರ್ಯಾಕಿನಲ್ಲೇ ಓಡಿಸುತ್ತಿದ್ದ ಗ್ಯಾರೇಜಿನವರ ಮಗನೂ ಪೈಪೋಟಿ. ಇಬ್ಬರನ್ನೂ ಒಟ್ಟಿಗೆ ಓಡಿಸಿ ನೋಡಿದರು. ಉದ್ದನೆಯ ನೇರ ದಾರಿಯಲ್ಲಿ ಅವನು ಅವಳ ಒಳಮಗ್ಗುಲಿಗೆ ಬಂದ. ಕೌಂಟರಿನಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಚಕ್ರಕ್ಕೆ ಚಕ್ರ ಜೋಡಿಯಾಗಿ ಓಡುತ್ತಿದ್ದರು. ತಿರುವು ಬಂತು. ಅಲ್ಲಿ ಯಾರೂ ಇಲ್ಲವೇನೋ ಎಂಬಂತೆ ಅವಳು ನೇರ ಒಳಕ್ಕೆ ತಿರುಗಿಸಿದಳು. ಅವನ ಗಾಡಿ ಎಗರಿ ಟೈರುಗಳಿಗೆ ಬಡಿಯಿತು. ಅವನ ಮಣಿಕಟ್ಟು ಮುರಿಯಿತು. ಅವಳ ಗಾಡಿಯೂ ಗಿರಕಿ ಹೊಡೆದು ನಿಂತಿತು.

ಮ್ಯಾನೇಜರ್‌ಗೆ ಕನಿಕರಕ್ಕಿಂತ ಖುಷಿಯೇ ಹೆಚ್ಚು. “ಎಂಥ ಗುಂಡಿಗೆ ರೀ ಈ ಹುಡುಗಿದು! ಕಣ್ಣು ಕೂಡ ಆಕಡೆ ಹೋಗಲಿಲ್ಲ. ಸೀಟು ಇವಳದೇ. ಡಾಕ್ಟರ್ ತಪಾಸಣೆ ಒಂದು ಆಗಲಿ” ಎಂದು ಭಾವನ ಕೈ ಕುಲುಕಿದ.

ಭಾವ ನಗಲಿಲ್ಲ. ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಮಗಳ ಬಳಿ ಹೋದರು. ಹೆಲ್ಮೆಟ್ ಇಸಿದುಕೊಳ್ಳಲು ನಾನೂ ಹಿಂದೆಯೇ ಹೋದೆ.

“ಅವನು ಪಕ್ಕಕ್ಕೆ ಬಂದಾಗ ಯಾಕಮ್ಮ ಜಾಗ ಬಿಡಲಿಲ್ಲ?”

“ಪಕ್ಕಕ್ಕೆಲ್ಲಿ ಬಂದ? ಹಿಂದಿನಿಂದ ಬಂದು ಗುದ್ದಿದನಲ್ಲಪ್ಪ!”

“ಪಕ್ಕದಲ್ಲಿ ಅವನಿರಲಿಲ್ವಾ?”

“ಇಲ್ಲ. ಇದ್ದಿದ್ರೆ ನಂಗೆ ಕಾಣ್ತಿರಲಿಲ್ವಾ?”

ಅವಳು ಸುಳ್ಳು ಹೇಳುವವಳಲ್ಲ. ಭಾವನ ಮುಖದ ರಕ್ತವೆಲ್ಲ ಇಳಿದುಹೋಯಿತು. ನಲ್ಲಿ ಸುರಿಯುತ್ತಲೇ ಇತ್ತು. ಅದನ್ನು ನಾನೇ ನಿಲ್ಲಿಸಬೇಕಾಯಿತು.

ಆ ಸಂಜೆ ಭಾವ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಕುರ್ಚಿಯಲ್ಲಿ ಕೂತು ಎದುರಿನ ಗೋಡೆಯ ಸ್ವಿಚ್ಚಿನ ಮೇಲೆ ಕಣ್ಣು ನೆಟ್ಟರು. “ನನ್ನ ಕಿವಿ ಹತ್ರದಿಂದ ಕೈ ನಿಧಾನವಾಗಿ ಮುಂದೆ ತಾ. ಬೆರಳು ಆಡಿಸ್ತಾ ಇರು. ಕಂಡಾಗ ಹೇಳ್ತೀನಿ” ಎಂದರು. ನಾನು ತಂದೆ. ಕೆನ್ನೆ ದಾಟಿತು, ಹುಬ್ಬಿನ ತುದಿ ದಾಟಿತು. ಅವರು ಮಾತಾಡಲಿಲ್ಲ. ನನ್ನ ಕೈ ಹೆಚ್ಚುಕಮ್ಮಿ ಅವರ ಮೂಗಿನ ನೇರಕ್ಕೆ ಬಂದಾಗ “ಹಾಂ, ಈಗ ಬಂತು” ಎಂದರು. ಆಮೇಲೆ ನನ್ನನ್ನು ಕೂರಿಸಿ ತಾವು ಕೈ ತಂದರು. ಕಿವಿಯ ಬಳಿ ಬೆರಳು ಅಲುಗಿದ್ದೇ ನಾನು ಕಂಡಿತು ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದು ರೇಗಿದರು. ಇನ್ನೊಂದು ಸಲ ತಂದರು, ಮತ್ತೊಂದು ಸಲ ತಂದರು. ಕೊನೆಗೆ ಮಂಚದ ಮೇಲೆ ಕುಸಿದು ಕೂತರು.

“ಎಲ್ಲರಿಗೂ ನನ್ನಷ್ಟೇ ಕಾಣೋದು ಅಂದ್ಕೊಂಡಿದ್ದೆ ಕಣೋ. ಜನ ಸುಮ್ನೆ ಮನಸ್ಸು ಆಕಡೆ ಈಕಡೆ ಹರಿಬಿಡ್ತಾರೆ, ಅದಕ್ಕೇ ನಿಧಾನ ಆಗ್ತಾರೆ ಅಂದ್ಕೊಂಡಿದ್ದೆ.”

ಆ ದೊಡ್ಡ ಗೆಲುವಿನ ಕಥೆಯನ್ನು ಅವರು ಮತ್ತೆಂದೂ ಹೇಳಲಿಲ್ಲ.

ಇದರ ಮೇಲೆ ತಂಡದ ಡಾಕ್ಟರ್ ತಪಾಸಣೆಯ ವಿಚಿತ್ರ ನೋಡಿ. ಗೋಡೆಗೆ ನೇತುಹಾಕಿದ ಅಕ್ಷರದ ಹಲಗೆಯನ್ನು ನಮ್ಮ ಹುಡುಗಿ ಕಟ್ಟಕಡೆಯ ಸಾಲಿನವರೆಗೆ ಗಡಗಡ ಓದಿ ಪಾಸಾಗಿ ಬಂದಳು. ನೇರ ನೋಟಕ್ಕೆ ಒಂದಿಷ್ಟೂ ಕುಂದಿರಲಿಲ್ಲ. ಪಕ್ಕದ್ದನ್ನು ಅಲ್ಲಿ ಯಾರೂ ಕೇಳಲೇ ಇಲ್ಲ. ಇನ್ನು ತಡೆಯುವವರು ಯಾರಿದ್ದರು? ಭಾವ ಬಾಯಿ ಬಿಡದಿದ್ದರೆ ಸೀಟು ಅವಳದು. ಅಕ್ಕ ಅದನ್ನೇ ಹೇಳಿದಳು. “ಡಾಕ್ಟರೇ ಸರಿ ಇದೆ ಅಂದಮೇಲೆ ನಿಮ್ಮದೇನ್ರೀ? ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರಂತೆ!”

“ಈ ಸಲ ಪಕ್ಕದೋನ ಕೈ ಮುರೀತು. ಮುಂದಿನ ಸಲ ಇವಳ ಕತ್ತು ಮುರಿದ್ರೆ?” ಎಂದರು ಭಾವ. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ. ಮರುದಿನ ಮಗಳನ್ನು ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೊರಟರು. ಜೊತೆಗೆ ನಾನು. ಅಲ್ಲಿ ಒಳಗೆಲ್ಲ ಬಿಳಿ ಬಳಿದ, ದೊಡ್ಡ ಬೋಗುಣಿಯಂಥ ಒಂದು ಯಂತ್ರ. ಅದರ ಮುಂದೆ ಗದ್ದ ಊರಿ ಕೂತು ನಡುವಿನ ಚುಕ್ಕಿಯನ್ನೇ ನೋಡಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗಲೆಲ್ಲ ಕೈಯಲ್ಲಿನ ಗುಂಡಿ ಒತ್ತಬೇಕು. ಹುಡುಗಿ ಕೂತಳು. ಬೆಳಕುಗಳು ಮಿನುಗಿ ಆರುತ್ತಿದ್ದವು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ನನಗೆ ಎದ್ದುಹೋಗಿ ನಾನೇ ಒತ್ತಿಬಿಡೋಣ ಅನ್ನಿಸಿತು.

ಆಮೇಲೆ ಡಾಕ್ಟರಮ್ಮ ಭಾವನನ್ನೂ ಕೂರಿಸಿದರು. ಮುಗಿದ ಮೇಲೆ “ನಿಮ್ಮಷ್ಟು ಚೆನ್ನಾಗಿ ಯಾರೂ ಕೂರಲ್ಲ. ಕಣ್ಣು ಒಂಚೂರೂ ಕದಲಲಿಲ್ಲ” ಎಂದು ಮೆಚ್ಚಿದರು. ಅಪ್ಪ ಮಗಳ ಎರಡು ಚಿತ್ರಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಅಂಚಿನಿಂದ ಒಳಗಿನವರೆಗೆ ಕಣ್ಣಿಗೆ ಕಾಣದ ಕಪ್ಪು, ನಡುವೆ ಕಾಣುವ ಒಂದಿಷ್ಟು ಬಿಳಿ. ಮಗಳ ಬಿಳಿ ಸ್ವಲ್ಪ ದೊಡ್ಡದು.

“ಇದು ರಕ್ತದಲ್ಲೇ ಬರುವಂಥದ್ದು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಹಾಳಾಗ್ತಾ ಬರುತ್ತೆ. ನೋಟ ಇನ್ನೂ ಕಿರಿದಾಗ್ತಾ ಹೋಗುತ್ತೆ. ತಡೆಯೋ ಔಷಧ ನಮ್ಮ ಹತ್ರ ಇಲ್ಲ. ಗಾಡಿ ಮಾತ್ರ ಇಬ್ಬರೂ ಮುಟ್ಟಕೂಡದು.”

ಹೊರಗಿನ ಬೆಂಚಿನ ಮೇಲೆ ಕೂತು ಹುಡುಗಿ ತನ್ನ ಕೈಗಳನ್ನೇ ನೋಡುತ್ತ ಕೇಳಿದಳು. “ಹಾಗಾದ್ರೆ ನಾನು ಏನೂ ಕಲಿತೇ ಇರ್ಲಿಲ್ವಾ ಅಪ್ಪ? ಬರೀ ಕುರುಡಾ?”

ಭಾವ ಅಲ್ಲೇ ಎರಡು ಒಳ್ಳೆಯ ಮಾತು ಆಡಿದ್ದರೆ ಮುಂದಿನದೆಲ್ಲ ಬೇರೆಯಾಗುತ್ತಿತ್ತೋ ಏನೋ. ಅವರು ಮಾಡಿದ್ದೇ ಬೇರೆ. ಇನ್ನೊಂದು ಗಳಿಗೆ ಬಿಟ್ಟರೆ ತಮ್ಮ ಮನಸ್ಸೇ ಕರಗೀತೆಂದು ಹೆದರಿದರೇನೋ, ಫೋನು ತೆಗೆದು ಅಲ್ಲೇ ಮ್ಯಾನೇಜರ್‌ಗೆ ಎಲ್ಲ ಹೇಳಿಬಿಟ್ಟರು. ಪಕ್ಕದಲ್ಲಿ ಕೂತ ಮಗಳು ಒಂದೊಂದು ಮಾತನ್ನೂ ಕೇಳಿಸಿಕೊಂಡಳು.

“ನಾನೇ ಅವರಿಗೆ ಹೇಳ್ತಿದ್ದೆ. ನನ್ನ ಒಂದು ಮಾತು ಕೇಳಬಹುದಿತ್ತು” ಎಂದಳು. ಅವಳು ಅಪ್ಪನ ಜೊತೆ ಆಡಿದ ಕೊನೆಯ ಮಾತು ಅದು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಣಿಕಟ್ಟು ಕೂಡಿದ ಮೇಲೆ ಸೀಟು ಗ್ಯಾರೇಜಿನವರ ಮಗನಿಗೆ ಹೋಯಿತು. ಭಾವನೂ ಕಲಿಸುವುದನ್ನು ಬಿಟ್ಟರು. ಮಾಲೀಕರು ಕರೆದರೂ ಹೋಗಲಿಲ್ಲ. “ಏನು ಅಂತ ಕಲಿಸಲಿ? ನನ್ನ ಕಾಯಿಲೆ ಕಲಿಸಲಾ?” ಎಂದರು. ಅವರ ಪಾಠ ಸುಳ್ಳಲ್ಲ, ಅದರಿಂದ ಕಣ್ಣು ನೆಟ್ಟಗಿದ್ದವರೂ ವೇಗವಾಗಿ ಓಡಿಸಿದ್ದಾರೆ, ನಾನೇ ನೋಡಿದ್ದೇನೆ. ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಹುಡುಗಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುವ ಕೆಲಸಕ್ಕೆ ಸೇರಿದಳು. ಅಪ್ಪ ಹಜಾರದಲ್ಲಿದ್ದರೆ ಅವಳು ಅಡುಗೆಮನೆಯಲ್ಲಿ ಉಣ್ಣುತ್ತಿದ್ದಳು. ಅಕ್ಕ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಹೀಗೇ ವರ್ಷ ಕಳೆಯಿತು.

ಈಗ ಭಾವ ಸಂಜೆಯಾದರೆ ಬೀದಿ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕಿಕೊಂಡು, ಮಗಳು ಬರುವ ದಾರಿ ನೋಡುತ್ತ ಕೂರುತ್ತಾರೆ. ಆ ಬಾಗಿಲಿನಷ್ಟು ಅಗಲವೂ ಅವರಿಗೀಗ ಕಾಣುವುದಿಲ್ಲ. ಅವಳು ಹಿತ್ತಲಿನಿಂದ ಬರುತ್ತಾಳೆ. ಅದು ನನಗೆ ಗೊತ್ತು, ಅಕ್ಕನಿಗೆ ಗೊತ್ತು.

ಮೊನ್ನೆ ಸಂಜೆ ನಾನು ಹೋದಾಗ ಭಾವ ಎಂದಿನಂತೆ ಕೂತಿದ್ದರು. ಮಾತಾಡುತ್ತಿದ್ದಂತೆ ಅವಳು ಹಿತ್ತಲ ಕಡೆಯಿಂದ ಬರಿಗಾಲಲ್ಲಿ ಬಂದಳು. ಫ್ಯಾನಿನ ಸದ್ದಿನಲ್ಲಿ ಭಾವನಿಗೆ ಕೇಳಿಸಲಿಲ್ಲ. ಅವರ ಎಡಗಿವಿಯ ನೇರಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಒಂದು ಮಣೆ ಹಾಕಿಕೊಂಡು ಕೂತಳು. ಎಲ್ಲಿ ಕೂತರೆ ಅಪ್ಪನಿಗೆ ಕಾಣುವುದಿಲ್ಲ ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ನಾನು ದಂಗಾಗಿ ನೋಡಿದೆ. ಅಡುಗೆಮನೆಯ ಬಾಗಿಲಿಂದ ಅಕ್ಕ ಇಣುಕಿ, ದಿನಾ ಹೀಗೇ ಎಂಬಂತೆ ತಲೆಯಾಡಿಸಿದಳು. ಹುಡುಗಿ ನನ್ನ ಕಡೆ ತಿರುಗಿ, ಬೇಡ ಎಂದು ಕೈ ಸನ್ನೆ ಮಾಡಿದಳು. ನನಗೆ ರೇಗಿತು. ಎಷ್ಟು ದಿನ ಇದು, ಸಾಕು ಮಾಡು ಎಂದು ಗದರಬೇಕೆನ್ನಿಸಿತು. ಅವಳ ಕಣ್ಣು ತುಂಬಿತ್ತು, ಸುಮ್ಮನಾದೆ.

“ಬಂದ್ಲೇನೋ?” ಎಂದರು ಭಾವ.

“ಇನ್ನೂ ಇಲ್ಲ ಭಾವ.”

“ಕತ್ತಲಾಗ್ತಾ ಇದೆ. ಅವಳಿಗೆ ಮೆಟ್ಟಿಲು ಕಾಣಲ್ಲ. ನಾನು ಹೋದ್ರೆ ಕೈ ಕೊಡಲ್ಲ ಅವಳು. ನೀನು ಹೋಗಿ ಹಿಡ್ಕೊಂಡು ಬಾ.”

ಅವಳು ಅಲುಗಲಿಲ್ಲ. ಅಪ್ಪನ ಹಾಗೇ ಬಾಗಿಲನ್ನೇ ನೇರ ನೋಡುತ್ತ ಕೂತಿದ್ದಳು. ನಾನು ಎದ್ದು ಹೊರಗೆ ಹೋದೆ. ಯಾರೂ ಇಲ್ಲದ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ಅಂಗಡಿಯಲ್ಲಿ ಕೆಲಸ ಜಾಸ್ತಿಯಂತೆ, ತಡವಾಗುತ್ತದಂತೆ ಎಂದು ಒಳಗೆ ಬಂದು ಹೇಳಿದೆ.