ವೆಸ್ಟಾ ಕಾಡಿಲ್ ಅಡುಗೆಮನೆಯ ಎರಡು ಬೆಲ್ಟು

ಅಂಗಿ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ವೆಸ್ಟಾ ಕಾಡಿಲ್ ದಾರಿಯಲ್ಲಿ ಫೆರೆಲ್‌ನ ದಿನಸಿ ಅಂಗಡಿಗೆ ಹೋಗಿ ಹಂದಿಮಾಂಸ ಕೇಳಿದರು. ಫೆರೆಲ್ ಮಾಂಸದ ತುಂಡನ್ನು ಕಾಗದದ ಮೇಲೆ ಇಟ್ಟ. ತಕ್ಕಡಿಗೆ ಹಾಕಲಿಲ್ಲ.

"ಇದು ಯಾರಿಗೆ, ಮಿಸೆಸ್ ಕಾಡಿಲ್?"

"ತಿನ್ನೋರಿಗೆ."

"ಡೆಲ್ಮರ್‌ಗಾದ್ರೆ ಇನ್ನೊಂದು ತುಂಡು ನನ್ನ ಕಡೆಯಿಂದ ಸೇರಿಸ್ತೀನಿ. ಆ ಇನ್ನೊಬ್ಬನಿಗಾದ್ರೆ ನನ್ನ ಅಂಗಡೀಲಿ ಒಂದು ಮೂಳೇನೂ ಇಲ್ಲ."

"ಫೆರೆಲ್, ನೀನು ನಿಮ್ಮಣ್ಣನ ಹಲ್ಲು ಮುರಿದ ದಿನ ನಿಮ್ಮಮ್ಮ ನಿನಗೆ ಊಟ ಹಾಕಲಿಲ್ವಾ? ತೂಕ ಮಾಡು."

"ಹಲ್ಲು ಬೇರೆ, ಕುರ್ಚಿ ಬೇರೆ," ಎಂದು ಗೊಣಗುತ್ತ ಫೆರೆಲ್ ತೂಕ ಮಾಡಿದ.

ಕುರ್ಚಿಯ ವಿಷಯ ಬ್ರಷಿ ಫೋರ್ಕ್ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹಿಂದಿನ ಶನಿವಾರ ಟೀವಿಯಲ್ಲಿ, ಒಂಬತ್ತು ವರ್ಷದಿಂದ ಜೋಡಿಯಾಗಿ ಕುಸ್ತಿ ಆಡುತ್ತಿದ್ದ ಕಾಡಿಲ್ ಸಹೋದರರಲ್ಲಿ ಚಿಕ್ಕವನಾದ ಹಾಯ್ಟ್, ದೊಡ್ಡವನಾದ ಡೆಲ್ಮರ್‌ನ ಬೆನ್ನಿಗೆ ಕಬ್ಬಿಣದ ಮಡಚು ಕುರ್ಚಿಯಿಂದ ಬಾರಿಸಿ, ಇಬ್ಬರ ಚಾಂಪಿಯನ್ ಬೆಲ್ಟನ್ನೂ ಹೆಗಲಿಗೇರಿಸಿಕೊಂಡು ಹೊರಟುಹೋಗಿದ್ದ. ಅದು 1971ರ ಬೇಸಿಗೆ. ಪೂರ್ವ ಟೆನೆಸಿಯ ಆ ಬೆಟ್ಟಗಳ ನಡುವೆ ಶನಿವಾರ ಸಂಜೆಯ ಕುಸ್ತಿ ನೋಡದ ಮನೆ ಇದ್ದರೆ, ಅದು ಟೀವಿ ಇಲ್ಲದ ಮನೆ.

ಕ್ಲಿಂಚ್ ಕಣಿವೆಯ ಜೋಡಿ ಕುಸ್ತಿ ಪ್ರಶಸ್ತಿ ಶುರುವಾದದ್ದು 1953ರಲ್ಲಿ. ಮೊದಲ ಚಾಂಪಿಯನ್ನರು ಹವಾನಾದ ಪಂದ್ಯಾವಳಿಯಲ್ಲಿ ಅದನ್ನು ಗೆದ್ದು ತಂದರೆಂದು ಭಿತ್ತಿಪತ್ರಗಳು ಹೇಳಿದವು. ಹವಾನಾದಲ್ಲಿ ಅಂಥ ಪಂದ್ಯಾವಳಿ ನಡೆದಿರಲಿಲ್ಲ. ಗೆದ್ದವರಲ್ಲೊಬ್ಬ ಆ ವಾರವೆಲ್ಲ ಪಕ್ಕದ ಕೌಂಟಿಯಲ್ಲಿ ತಂಬಾಕು ಕೊಯ್ಯುತ್ತಿದ್ದ. ಹೇಸರಗತ್ತೆಗಳಿಗೆ ಸಜ್ಜು ಹೊಲಿಯುವವನೊಬ್ಬ ಅದೇ ತೊಗಲಿನಲ್ಲಿ ಎರಡು ಬೆಲ್ಟು ಮಾಡಿ, ಹಿತ್ತಾಳೆಯ ಫಲಕ ಕೂರಿಸಿಕೊಟ್ಟ. ಅವನ್ನು ಸುಳ್ಳು ರಷ್ಯನ್ನರು ಕಟ್ಟಿದರು, ಸುಳ್ಳು ಸಿರಿವಂತರು ಕಟ್ಟಿದರು, ಮುಸುಕು ಹಾಕಿದವರು ಕಟ್ಟಿದರು. ಒಮ್ಮೆ ಒಂದು ಬೆಲ್ಟು ಬಸ್ಸಿನಲ್ಲಿ ಉಳಿದುಹೋಗಿ, ಅದು ಸಿಗುವವರೆಗೂ ಚಾಂಪಿಯನ್ನರು ಇದ್ದ ಒಂದನ್ನೇ ಸರದಿಯ ಮೇಲೆ ಕಟ್ಟಿಕೊಂಡರು. ಇಷ್ಟಾದರೂ ಆ ಪ್ರಶಸ್ತಿ ತಮ್ಮದು ಎಂದು ಜನಕ್ಕೆ ಅನ್ನಿಸಿದ್ದು 1962ರಲ್ಲಿ, ಅದು ಕಾಡಿಲ್ ಸಹೋದರರ ಕೈಗೆ ಬಂದ ಮೇಲೆ.

ಅವರು ಸಹೋದರರಾಗಿರಲಿಲ್ಲ. ಡೆಲ್ಮರ್ ಮಾತ್ರ ವೆಸ್ಟಾ ಹೆತ್ತ ಮಗ. ಗಣಿಯಲ್ಲಿ ಸತ್ತ ಗಂಡ ಬಿಟ್ಟುಹೋದ ಒಬ್ಬನೇ ಮಗ. ಹಾಯ್ಟ್‌ನ ಮನೆತನದ ಹೆಸರು ಬ್ರ್ಯಾನಕ್. ಒಕ್ಲಹೋಮಾದ ಅನಾಥಾಲಯದಲ್ಲಿ ಬೆಳೆದವನು. ಇಬ್ಬರಿಗೂ ಕೆಂಚುಗೂದಲಿತ್ತು. ಕುಸ್ತಿ ಕಂಪನಿಯ ಮಾಲೀಕ ಗಾರ್ಲಂಡ್ ಸ್ಟೈಲ್ಸ್‌ಗೆ ಅಷ್ಟು ಸಾಕಾಗಿತ್ತು. ಯಾರು ಗೆಲ್ಲಬೇಕು, ಯಾರು ಯಾರಿಗೆ ತಮ್ಮನಾಗಬೇಕು ಎನ್ನುವುದನ್ನೆಲ್ಲ ಅವನೇ ತೀರ್ಮಾನಿಸುತ್ತಿದ್ದ. ಆ ಗುಟ್ಟನ್ನು ಹೊರಗೆ ಆಡಿದವನಿಗೆ ಮರುದಿನದಿಂದ ಕೆಲಸ ಇರುತ್ತಿರಲಿಲ್ಲ.

ಹಾಯ್ಟ್ ಮೊದಲ ಸಲ ಮನೆಗೆ ಬಂದಾಗ ವೆಸ್ಟಾ ಅವನ ಸವೆದ ಕಾಲರ್ ನೋಡಿದರು. ಕಾರ್ಖಾನೆಯಲ್ಲಿ ಅವರದು ಕಾಲರ್ ಹೊಲಿಯುವ ಕೆಲಸ. "ಅಂಗಿ ಬಿಚ್ಚಿಕೊಡು, ತಿರುಗಿಸಿ ಹೊಲೀತೀನಿ. ಅಲ್ಲೀವರೆಗೂ ಊಟ ಮಾಡ್ತಿರು," ಅಂದರು. ಅವನು ಬನಿಯನ್‌ನಲ್ಲೇ ಕೂತು ಮೂರು ಸಲ ಹುರುಳಿಕಾಯಿ ಪಲ್ಯ ಹಾಕಿಸಿಕೊಂಡ. ಮುಂದಿನ ಭಾನುವಾರವೂ ಬಂದ. ಅವನು ಹುಟ್ಟಿದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲದ್ದರಿಂದ, ವೆಸ್ಟಾ ಅಕ್ಟೋಬರಿನಲ್ಲಿ ಒಂದು ದಿನ ಗೊತ್ತುಮಾಡಿ ಒಣಸೇಬಿನ ಪದರದ ಕೇಕ್ ಮಾಡತೊಡಗಿದರು. ಊರಿನ ಕಣ್ಣಿಗೆ ಅವರಿಗೆ ಇಬ್ಬರು ಗಂಡುಮಕ್ಕಳು. ಚಿಕ್ಕವನನ್ನು ಯಾಕೋ ದೂರದ ನೆಂಟರ ಮನೆಯಲ್ಲಿ ಬೆಳೆಸಿದ್ದರು ಎಂದು ನೆರೆಯವರೇ ಕಥೆ ಕಟ್ಟಿ, ತಾವೇ ನಂಬಿದರು. ವೆಸ್ಟಾ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಈಗ ಜನ ಬರುವುದು ಕಡಿಮೆಯಾಗಿತ್ತು. ಸಹೋದರರನ್ನು ಒಡೆದರೆ ಮೈದಾನ ತುಂಬುತ್ತದೆ ಎಂದು ಸ್ಟೈಲ್ಸ್ ಲೆಕ್ಕ ಹಾಕಿದ. ಇಬ್ಬರೂ ಒಪ್ಪಿದರು. ಕುರ್ಚಿಯಿಂದ ಎಲ್ಲಿ ಹೊಡೆದರೆ ಸದ್ದು ಜಾಸ್ತಿ, ನೋವು ಕಡಿಮೆ ಎಂದು ವೆಸ್ಟಾ ಮನೆಯ ಹಿತ್ತಲಲ್ಲೇ ಅಭ್ಯಾಸ ಮಾಡಿದರು. ಆದರೆ ಭಾನುವಾರದ ಯೋಚನೆ ಯಾರಿಗೂ ಬಂದಿರಲಿಲ್ಲ. ರಿಂಗಿನಲ್ಲಿ ಒಳ್ಳೆಯವರಾದವರು ಕೆಟ್ಟವರ ಜೊತೆ ಒಂದು ಕಾರಿನಲ್ಲಿ ಹೋಗುವಂತಿಲ್ಲ, ಒಂದು ಮೇಜಿನಲ್ಲಿ ಉಣ್ಣುವಂತಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಒಳ್ಳೆಯವನೂ ಒಬ್ಬ ಕೆಟ್ಟವನೂ ಒಟ್ಟಿಗೆ ಮೀನು ಹಿಡಿಯುತ್ತಿದ್ದಾಗ ಸಿಕ್ಕಿಬಿದ್ದು, ಇಬ್ಬರೂ ಕಣಿವೆ ಬಿಟ್ಟು ಹೋಗಬೇಕಾಗಿತ್ತು.

ಕುರ್ಚಿ ಏಟಿನ ಮರುದಿನ, ಭಾನುವಾರ, ಹಾಯ್ಟ್‌ನ ಫೋನ್ ಬಂತು.

"ಅಮ್ಮ, ನಾನು ಇವತ್ತು ಬರಲ್ಲ."

"ಎಲ್ಲಿದ್ದೀಯ?"

"ಪೆಟ್ರೋಲ್ ಬಂಕಿನ ಹತ್ತಿರ. ಡಬ್ಬಿ ಮೀನು ತಗೊಂಡಿದ್ದೀನಿ, ಬಿಸ್ಕತ್ತಿದೆ."

"ಹಿತ್ತಲ ಬಾಗಿಲಿಂದ ಬಾ."

"ಯಾರಾದ್ರೂ ನೋಡಿದ್ರೆ ಡೆಲ್ಮರ್ ಹೊಟ್ಟೆ ಮೇಲೂ ಹೊಡೆದಂಗಾಗುತ್ತೆ. ಇನ್ಮೇಲೆ ಬರೋಕಾಗಲ್ಲಮ್ಮ. ಇದು ಹೀಗೇ."

ಫೋನ್ ಇಟ್ಟ ವೆಸ್ಟಾ ಮೇಜಿನ ಮೇಲಿದ್ದ ಮೂರನೆಯ ತಟ್ಟೆಯನ್ನು ಎತ್ತಿಡಲಿಲ್ಲ. ಡೆಲ್ಮರ್ ಆ ಖಾಲಿ ತಟ್ಟೆಯ ಎದುರು ಕೂತು ಊಟ ಮುಗಿಸಿದ.

ಅಂಗಡಿಯ ಮಾತುಕತೆ ನಡೆದದ್ದು ಇದಾದ ನಾಲ್ಕನೆಯ ದಿನ. ಮಾಂಸದ ಪೊಟ್ಟಣ ಹಿಡಿದು ಮನೆಗೆ ಬಂದಾಗ ಗಾರ್ಲಂಡ್ ಸ್ಟೈಲ್ಸ್ ಹ್ಯಾಟು ಕೈಯಲ್ಲಿ ಹಿಡಿದು ಜಗಲಿಯ ಮೇಲೆ ಕೂತಿದ್ದ.

"ಮಿಸೆಸ್ ಕಾಡಿಲ್, ಈ ಶನಿವಾರ ನೀವು ಟೀವಿಗೆ ಬರ್ಬೇಕು. ಒಂದೇ ಮಾತು. 'ಇವನು ನನ್ನ ಮಗ ಅಲ್ಲ' ಅನ್ನಿ, ಸಾಕು. ಇಡೀ ಕಣಿವೆ ಅತ್ತುಬಿಡುತ್ತೆ."

"ಅವರೆಲ್ಲ ಅಳೋಕೆ ನಾನು ಅಷ್ಟು ಹೇಳ್ಬೇಕಾ?"

"ಸುಳ್ಳು ಹೇಳಿ ಅಂತ ಕೇಳ್ತಿಲ್ವಲ್ಲ! ನಿಜ ತಾನೇ ಅದು?"

ವೆಸ್ಟಾ ಪೊಟ್ಟಣವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. "ಒಂಬತ್ತು ವರ್ಷ ನಿನ್ನ ಸುಳ್ಳನ್ನ ನನ್ನ ಒಲೆ ಮೇಲೆ ಬೇಯಿಸಿ ಹಾಕಿದ್ದೀನಿ, ಗಾರ್ಲಂಡ್. ಸೌದೆ ನಂದು. ಟೀವಿಗೆ ಬರ್ತೀನಿ. ಏನು ಹೇಳ್ಬೇಕು ಅಂತ ಕಲಿಸೋಕೆ ಬರಬೇಡ."

ಅದು ಒಪ್ಪಿಗೆ ಎಂದುಕೊಂಡು ಸ್ಟೈಲ್ಸ್ ಹ್ಯಾಟು ಹಾಕಿಕೊಂಡು ಹೊರಟ.

ಕಾರ್ಯಕ್ರಮ ನೇರ ಪ್ರಸಾರ. ಬಾಯಿಂದ ಬಿದ್ದ ಮಾತನ್ನು ಕತ್ತರಿಸಲು ಬರುತ್ತಿರಲಿಲ್ಲ. ಶನಿವಾರ ಸಂಜೆ ವೆಸ್ಟಾ ಚರ್ಚಿಗೆ ಉಡುವ ನೀಲಿ ಉಡುಪಿನಲ್ಲಿ, ಕೈಚೀಲ ಹಿಡಿದು ಸ್ಟುಡಿಯೋಗೆ ಬಂದರು. ಹಾಯ್ಟ್ ಎರಡು ಹೆಗಲ ಮೇಲೆ ಎರಡು ಬೆಲ್ಟು ಹಾಕಿಕೊಂಡು ನಿಂತು, ಮೆಟ್ಟಿಲು ಬೆಂಚಿನ ಮೇಲೆ ಕೂತವರಿಂದ ಬೈಸಿಕೊಳ್ಳುತ್ತಿದ್ದ. "ಅಣ್ಣನಿಗೆ ಹೊಡೆದೋನೇ, ಅಮ್ಮನ ಮುಖ ನೋಡೋ!" ಎಂದು ಒಬ್ಬ ಮುದುಕಿ ಊರುಗೋಲು ಎತ್ತಿದಳು. ಡೆಲ್ಮರ್ ಬೆನ್ನಿಗೆ ಪಟ್ಟಿ ಸುತ್ತಿಕೊಂಡು ಇನ್ನೊಂದು ಬದಿಯಲ್ಲಿದ್ದ. ನಿರೂಪಕ ಮೈಕು ಚಾಚಿದ. "ತಾಯಿಯಾಗಿ ಏನು ಹೇಳ್ತೀರಿ, ಮಿಸೆಸ್ ಕಾಡಿಲ್?"

ವೆಸ್ಟಾ ಮೈಕನ್ನು ತಾವೇ ತೆಗೆದುಕೊಂಡರು.

"ಇವನು ಮಾಡಿದ್ದು ತಪ್ಪು," ಅಂದರು. ಬೆಂಚುಗಳು ಹೋ ಎಂದವು. "ಗಲಾಟೆ ಬೇಡ, ಇನ್ನೂ ಮುಗಿದಿಲ್ಲ. ತಪ್ಪು ಮಾಡಿದ ಮಗನಿಗೂ ಹಸಿವಾಗುತ್ತೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ನಮ್ಮನೇಲಿ ಊಟ. ಇಬ್ಬರೂ ಬರ್ಬೇಕು. ಮುಂಬಾಗಿಲಿಂದ. ನನ್ನ ಮೇಜಿನ ಹತ್ತಿರ ಯಾರೂ ಯಾರಿಗೂ ಕೈ ಎತ್ತೋ ಹಾಗಿಲ್ಲ. ಹೊರಗೆ ಏನಾದ್ರೂ ಮಾಡ್ಕೊಳ್ಳಿ."

ಕ್ಯಾಮೆರಾದ ಹಿಂದೆ ಸ್ಟೈಲ್ಸ್ ಎರಡೂ ಕೈ ಅಲ್ಲಾಡಿಸುತ್ತಿದ್ದ. ವೆಸ್ಟಾ ಆ ಕಡೆ ನೋಡಲಿಲ್ಲ. ಹಾಯ್ಟ್‌ನ ಮುಂದೆ ಅಂಗೈ ಚಾಚಿದರು.

"ಆ ಎರಡೂ ಇಲ್ಲಿ ಕೊಡು. ಇಬ್ಬರೂ ರಿಂಗಲ್ಲಿ ಇತ್ಯರ್ಥ ಮಾಡ್ಕೊಳ್ಳೋವರೆಗೂ ನನ್ನ ಹತ್ತಿರ ಇರುತ್ತೆ."

ಹಾಯ್ಟ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನು ಈಗ ಕೆಟ್ಟವನು. ಕೆಟ್ಟವನು ಬೆಲ್ಟು ಬಿಟ್ಟುಕೊಡುವುದಿಲ್ಲ. ಆದರೂ ಹಲ್ಲು ಕಡಿಯುತ್ತ ಒಂದನ್ನು ಇಳಿಸಿದ, ಇನ್ನೊಂದನ್ನೂ ಇಳಿಸಿದ. ವೆಸ್ಟಾ ಅವನ್ನು ಸುತ್ತಿ ಕೈಚೀಲಕ್ಕೆ ತುರುಕಿದರು. ಚೀಲದ ಬಾಯಿ ಮುಚ್ಚಲಿಲ್ಲ, ಹಾಗೇ ಹಿಡಿದುಕೊಂಡರು.

"ಅವನ ಪಕ್ಕ ಮಾತ್ರ ನಾನು ಕೂರಲ್ಲ!" ಎಂದು ಹಾಯ್ಟ್ ಕ್ಯಾಮೆರಾ ನೋಡಿ ಗುಡುಗಿದ.

"ಎದುರಿಗೆ ಕೂರು. ಕೈ ತೊಳ್ಕೊಂಡು ಬಾ."

ಬೆಂಚಿನ ಮೇಲೆ ಕೂತವರು ನಕ್ಕರು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸ್ಟೈಲ್ಸ್ ಕೈ ಇಳಿಸಿದ. ಕಾರ್ಯಕ್ರಮ ಮುಗಿಯುವುದಕ್ಕೆ ಮೊದಲೇ ಟಿಕೆಟ್ ಕಿಟಕಿಯ ಫೋನ್ ಹೊಡೆದುಕೊಳ್ಳತೊಡಗಿತ್ತು. ಬೆಲ್ಟು ಅಮ್ಮನ ಮನೆಯಲ್ಲಿದೆ, ಗೆದ್ದವರು ಅಲ್ಲಿಂದ ತರಬೇಕು ಎನ್ನುವಂಥದ್ದು ಆ ಪ್ರಶಸ್ತಿಯ ಹದಿನೆಂಟು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊರಬಾಗಿಲಲ್ಲಿ ಸ್ಟೈಲ್ಸ್ ವೆಸ್ಟಾಗೆ ದಾರಿ ಬಿಟ್ಟು, "ಮುಂದಿನ ತಿಂಗಳವರೆಗೂ ಎಳೀಬಹುದಾ ಇದನ್ನ?" ಎಂದು ಕೇಳಿದ.

"ಭಾನುವಾರ ಎಷ್ಟಿದ್ರೆ ಅಷ್ಟು."

ಮರುದಿನ ಕಾಡಿಲ್ ಮನೆಯ ಬೇಲಿಯುದ್ದಕ್ಕೂ ಜನ ನಿಂತಿದ್ದರು. ಫೆರೆಲ್ ಅಂಗಡಿಗೆ ರಜೆ ಹಾಕಿ ಬಂದಿದ್ದ. ಡೆಲ್ಮರ್ ಮೊದಲು ಬಂದ. ಹಾಯ್ಟ್ ಕಾರಿನಿಂದ ಇಳಿದು, ಯಾರಿಗೂ ಮುಖ ಕೊಡದೆ, ಒಬ್ಬನ ಕಡೆ ಉಗಿದಂತೆ ಮಾಡಿ, ಮುಂಬಾಗಿಲಿಂದ ಒಳಗೆ ಹೋದ. ಕಿಟಕಿಯಲ್ಲಿ ಇಬ್ಬರೂ ಎದುರುಬದುರು ಕೂತು ಗುರಾಯಿಸುತ್ತಿರುವುದು ಎಲ್ಲರಿಗೂ ಕಂಡಿತು. ವೆಸ್ಟಾ ಪರದೆ ಎಳೆದರು.

"ಸಾಕು, ಮುಖ ಸಡಿಲ ಬಿಡಿ. ಪಲ್ಯ ಆರೋಗುತ್ತೆ."

"ಬೆನ್ನು ಹೇಗಿದೆ?" ಹಾಯ್ಟ್ ಮೆಲ್ಲಗೆ ಕೇಳಿದ.

"ನೀನು ಎಡಗಡೆ ಜಾಸ್ತಿ ಹೊಡೆದೆ, ಕತ್ತೆ," ಅಂದ ಡೆಲ್ಮರ್, ಮೆಕ್ಕೆಜೋಳದ ಬ್ರೆಡ್ಡು ಮುರಿಯುತ್ತ.

"ಕುರ್ಚಿ ಜಾರಿತು ಕಣೋ."

"ಜೋರಾಗಿ ನಗಬೇಡಿ, ಫೆರೆಲ್ ಬೇಲಿ ಹತ್ತಿರಾನೇ ಇದ್ದಾನೆ," ಅಂದರು ವೆಸ್ಟಾ. ಬೆಲ್ಟುಗಳು ಅವರ ಹಿಂದೆ, ಹಿಟ್ಟಿನ ಡಬ್ಬದ ಮೇಲೆ ಇದ್ದವು. ಒಂದರ ಹೊಲಿಗೆ ಬಿಟ್ಟಿತ್ತು. ಅದನ್ನು ಅವರು ಆ ವಾರ ಕಾರ್ಖಾನೆಯ ದಪ್ಪ ದಾರದಲ್ಲಿ ಹೊಲಿದು ಸರಿಮಾಡಿದರು.

ಪಂದ್ಯ ಸೆಪ್ಟೆಂಬರಿನಲ್ಲಿ ಹೈಸ್ಕೂಲಿನ ಬಯಲಲ್ಲಿ ನಡೆಯಿತು. ಇಬ್ಬರೂ ಒಬ್ಬೊಬ್ಬ ಹೊಸ ಜೊತೆಗಾರನನ್ನು ಕಟ್ಟಿಕೊಂಡು ಬಂದಿದ್ದರು. ಹಾಯ್ಟ್‌ನ ಜೋಡಿ ಗೆದ್ದಿತು, ವೆಸ್ಟಾ ಬೆಲ್ಟುಗಳನ್ನು ತಂದುಕೊಟ್ಟರು, ಜನ ಅವನ ಮೇಲೆ ಕಾಗದದ ಲೋಟ ಎಸೆದರು. ಅದರ ಮಾರನೆಯ ದಿನ, ಭಾನುವಾರ, ಒಂದು ಗಂಟೆಗೆ ಅವನು ಊಟಕ್ಕೆ ಬಂದ.