ಚಂದ್ರಕಲಾಳ ಲೈಸೆನ್ಸು

ಶಾಂತಿಗ್ರಾಮದ ಹೈವೇ ಪಕ್ಕ ಮುದ್ದೆ ಊಟದ ಹೋಟೆಲ್ ಇಡಲು ಹೊರಟ ಚಂದ್ರಕಲಾ ಅಂದರೆ, ಲೈಸೆನ್ಸಿಗಾಗಿ ಕಚೇರಿ ಬಾಗಿಲಿಗೆ ಜವಾನನಿಗಿಂತ ಮೊದಲು ಬರುವ ಹೆಂಗಸು. ನಾಳೆ ಬಾರಮ್ಮ ಎಂದವರು ನಾಳೆ ಬರುವಷ್ಟರಲ್ಲಿ ಇವಳು ಬೆಂಚಿನ ಮೇಲೆ ಕೂತಿರುತ್ತಿದ್ದಳು. ಕಟ್ಟಡದ ನಕ್ಷೆ ಕೇಳಿದರೆ ನಕ್ಷೆ, ನೀರಿನ ಪರೀಕ್ಷೆಯ ವರದಿ ಕೇಳಿದರೆ ವರದಿಯ ಜೊತೆಗೆ ಬಾಟಲಿಯಲ್ಲಿ ನೀರೂ ಕೊಟ್ಟು, “ಇನ್ನೇನ್ ಬೇಕು ಸಾ?” ಅನ್ನುವಳು. ಅದನ್ನು ಕೇಳಿ ಕೇಳಿ ಗುಮಾಸ್ತ, ಮನೆಯಲ್ಲಿ ಹೆಂಡತಿ ಅನ್ನ ಬಡಿಸುತ್ತಾ ಇನ್ನೇನು ಬೇಕು ಅಂದರೂ ಬೆಚ್ಚಿಬೀಳುತ್ತಿದ್ದನಂತೆ. ಅಡುಗೆಮನೆ ನೋಡಲು ಬಂದ ಅಧಿಕಾರಿ ಸಾಕು ಕಣಮ್ಮ ಎಂದರೂ ಬಿಡದೆ, ಅವರನ್ನು ಬಗ್ಗಿಸಿ ಒಲೆಯ ಅಡಿಯನ್ನೂ ತೋರಿಸಿದಳು. ಕೊನೆಗೂ ಕೈಗೆ ಬಂದ ಲೈಸೆನ್ಸಿಗೆ ಗಾಜು ಹಾಕಿಸಿ, ಗಲ್ಲಾದ ಹಿಂದೆ ದೇವರ ಪಟಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದಳು. ಹೋಟೆಲ್ ತೆರೆದ ದಿನ ಮೊದಲ ಕಾಫಿ ಅಪ್ಪ ಬೈರಯ್ಯನಿಗೆ, ನಡುವಿನ ಟೇಬಲ್ಲಿನಲ್ಲಿ, ಫ್ಯಾನಿನ ಕೆಳಗೆ. ಪ್ರಾಯದಲ್ಲಿ ಹೋಟೆಲುಗಳ ಹೊರಗೇ ನಿಂತು ಕುಡಿದು, ತನ್ನ ಲೋಟ ತಾನೇ ತೊಳೆದಿಟ್ಟು ಬರಬೇಕಾಗಿದ್ದ ಮುದುಕ, ಮಗಳ ಹೋಟೆಲಿನಲ್ಲೂ ಕಾಫಿ ಮುಗಿಸಿ ಲೋಟ ಹಿಡಿದು ಎದ್ದ. ಚಂದ್ರಕಲಾ ಅದನ್ನು ಅವನ ಕೈಯಿಂದ ಇಸ್ಕೊಂಡಳು. “ಕೂತ್ಕೊಳಪ್ಪ. ಇಲ್ಲಿ ಲೋಟ ತೊಳೆಯಕ್ಕೂ ಲೈಸೆನ್ಸ್ ಬೇಕು. ಅದು ನನ್ನ ಹೆಸರಲ್ಲೈತೆ.”